ಮುಳಬಾಗಿಲಿನ ಹಸುಗಳ ನಾಲ್ಕು ವರ್ಷ

ಎಂ.ಎಸ್ಸಿ. ಮುಗಿಸಿ ಮುಳಬಾಗಿಲಿಗೆ ಮರಳಿದಾಗ ನನ್ನ ಕೈಯಲ್ಲಿದ್ದದ್ದು ಒಂದೇ ವಿದ್ಯೆ, ಸಂಖ್ಯಾಶಾಸ್ತ್ರ. ಅದು ಏನೆಂದು ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಪೌರೋಹಿತ್ಯ ಮಾಡುತ್ತಿದ್ದ ಚಿಕ್ಕಪ್ಪ ಅದನ್ನು ಸಂಖ್ಯಾಜ್ಯೋತಿಷ್ಯವೆಂದೇ ನಂಬಿ, ಪೂಜೆಗೆ ಹೋದ ಮನೆಗಳಲ್ಲೆಲ್ಲ ನನ್ನ ವಿಷಯ ಹೇಳಿಕೊಂಡು ಬಂದರು. ಒಂದಿಬ್ಬರು ತಮ್ಮ ಹೊಸ ಸ್ಕೂಟರಿನ ನಂಬರು ಕೂಡಿಬರುತ್ತದೋ ಇಲ್ಲವೋ ಕೇಳಲು ಮನೆಗೇ ಬಂದರು. ಒಬ್ಬರಿಗೆ ಕೂಡಿಬರುತ್ತದೆ ಎಂದು ಹೇಳಿ ಕಳಿಸಿದೆ. ಬೇರೆ ಉದ್ಯೋಗ ಸಿಗದಿದ್ದರೆ ಇದೇ ನನ್ನ ಗತಿ ಎಂದು ಹೆದರಿಕೆಯಾಗಿ, ಕೋಲಾರದಲ್ಲಿ ಖಾಲಿಯಿದ್ದ ಮೊದಲ ಕೆಲಸಕ್ಕೆ ಅರ್ಜಿ ಹಾಕಿದೆ.

ಅದು ಸೀಮೆ ಹಸುಗಳನ್ನು ಕುರಿತ ಸಂಶೋಧನಾ ಯೋಜನೆ. ನಮ್ಮ ಕಡೆ ಹಸು ಬೆದೆಗೆ ಬಂದರೆ ಹೋರಿಯ ಬಳಿ ಹೊಡೆದುಕೊಂಡು ಹೋಗುವ ಕಾಲ ಮುಗಿದು ಎಷ್ಟೋ ವರ್ಷವಾಗಿತ್ತು. ಪಶು ಆಸ್ಪತ್ರೆಯವರು ಬಂದು ಸೂಜಿ ಹಾಕುತ್ತಿದ್ದರು; ಕೃತಕ ಗರ್ಭಧಾರಣೆಗೆ ನಮ್ಮ ಕಡೆಯ ಹೆಸರು ಅದು. ಸೂಜಿ ಹಾಕಿಸಿದ ದಿನದಿಂದ ಕರು ಹಾಕುವ ದಿನದವರೆಗೆ ಎಷ್ಟು ಕಾಲ ಹಿಡಿಯುತ್ತದೆ, ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕು ತಾಲ್ಲೂಕುಗಳಲ್ಲಿ ಅದು ಬೇರೆ ಬೇರೆಯೇ, ಬೇರೆಯಾದರೆ ಯಾಕೆ, ಇಷ್ಟೇ ಪ್ರಶ್ನೆ. ಯಾವುದೇ ಹಾಲಿನ ಡೈರಿಯ ಮುಂದೆ ಬೆಳಿಗ್ಗೆ ಕ್ಯಾನು ಹಿಡಿದು ನಿಂತವರನ್ನು ಕೇಳಿದ್ದರೆ ಉತ್ತರ ಸಿಗುತ್ತಿತ್ತು. ಆದರೆ ಹಾಗೆ ಕೇಳಿದರೆ ಅದಕ್ಕೆ ಸಂಶೋಧನೆ ಎನ್ನುವುದಿಲ್ಲವಲ್ಲ.

ಯೋಜನೆಯ ಮುಖ್ಯಸ್ಥರು ಬೆಂಗಳೂರಿನ ಒಬ್ಬ ಪ್ರೊಫೆಸರು. ಎರಡು ವರ್ಷ ಹೊರದೇಶದಲ್ಲಿದ್ದು ಬಂದವರು. ಬಂದು ಬಹಳ ಕಾಲವಾಗಿದ್ದರೂ ನಿನ್ನೆ ತಾನೆ ವಿಮಾನದಿಂದ ಇಳಿದವರಂತೆ ಮಾತಾಡುತ್ತಿದ್ದರು. ಹಸುವಿಗೆ ಹಸು ಎನ್ನುತ್ತಿರಲಿಲ್ಲ, 'ಅನಿಮಲ್' ಎನ್ನುತ್ತಿದ್ದರು. ರೈತನಿಗೆ 'ರೆಸ್ಪಾಂಡೆಂಟ್'. ಸಗಣಿಗೂ ಒಂದು ಹೆಸರಿಟ್ಟಿದ್ದರು, ಈಗ ನೆನಪಾಗುತ್ತಿಲ್ಲ. ಅವರ ಹೆಗಲಲ್ಲಿ ಸದಾ ಒಂದು ಚೀಲ, ಅದರಲ್ಲಿ ಹೊರದೇಶದಿಂದ ತಂದ ಮಡಚುವ ಕಂಪ್ಯೂಟರು. ಅದು ನಮ್ಮ ಕಚೇರಿಯ ಕಂಪ್ಯೂಟರುಗಳ ತಳಿಯದಲ್ಲ, ಬೇರೆಯೇ ಕುಲದ್ದು. ಅದನ್ನು ಯಾರೂ ಮುಟ್ಟುವಂತಿರಲಿಲ್ಲ. ಅವರು ಅದನ್ನು ತೆರೆಯುವಾಗ ದೇವರ ಪೆಟ್ಟಿಗೆ ತೆರೆಯುವ ಗಾಂಭೀರ್ಯವಿರುತ್ತಿತ್ತು.

ಕಚೇರಿಯಲ್ಲಿ ಇನ್ನೊಬ್ಬರು ಇದ್ದರು. ದಿನವೂ ಶ್ರೀನಿವಾಸಪುರದಿಂದ ಬಸ್ಸಿನಲ್ಲಿ ಬಂದು ಹೋಗುತ್ತಿದ್ದ ಡೇಟಾ ಎಂಟ್ರಿಯ ಹೆಂಗಸು. ನನಗಿಂತ ದೊಡ್ಡವರು, ಎರಡು ಮಕ್ಕಳ ತಾಯಿ. ಮಾತು ಅರ್ಧ ಕನ್ನಡ, ಅರ್ಧ ತೆಲುಗು. ಬೈಗುಳ ಮಾತ್ರ ಪೂರ್ತಿ ತೆಲುಗು. ಪಶು ಆಸ್ಪತ್ರೆಗಳಿಂದ ತಂದ ಮಾಹಿತಿಯನ್ನು ಆಕೆ ಸ್ಪ್ರೆಡ್‌ಶೀಟಿನಲ್ಲಿ ತುಂಬುತ್ತಿದ್ದರು. ಒಂದು ಉದ್ದಸಾಲಿನಲ್ಲಿ ಸೂಜಿ ಹಾಕಿದ ದಿನಾಂಕ, ಪಕ್ಕದ ಸಾಲಿನಲ್ಲಿ ಕರು ಹಾಕಿದ ದಿನಾಂಕ. ನಾನು ಅದನ್ನೆಲ್ಲ ಸಂಖ್ಯಾಶಾಸ್ತ್ರದ ತಂತ್ರಾಂಶಕ್ಕೆ ಒಯ್ದು ಲೆಕ್ಕ ಹಾಕಬೇಕಿತ್ತು.

ಒಂದು ತಾಲ್ಲೂಕಿನ ವಿಷಯದಲ್ಲಿ ಮಾತ್ರ ಈ ಕ್ರಮಕ್ಕೆ ವಿನಾಯಿತಿ. ಪ್ರೊಫೆಸರಿಗೆ ಕ್ಷೇತ್ರದ ಅನುಭವ ಬೇಕೆನಿಸಿ, ಮುಳಬಾಗಿಲಿನ ಐಬಿಯಲ್ಲಿ ಒಂದು ವಾರ ಇಳಿದುಕೊಂಡು, ಆ ತಾಲ್ಲೂಕಿನ ಸೂಜಿಯ ದಿನಾಂಕಗಳನ್ನೆಲ್ಲ ತಮ್ಮ ಮಡಚುವ ಕಂಪ್ಯೂಟರಿನಲ್ಲಿ ತಾವೇ ತುಂಬಿದರು. "ನನ್ನ ಕೈಯಾರೆ ಟೈಪ್ ಮಾಡಿದ ಡೇಟಾ, ಇದರಲ್ಲಿ ತಪ್ಪಿರಲ್ಲ" ಎಂದು ಫ್ಲಾಪಿಯನ್ನು ನನ್ನ ಕೈಗಿತ್ತರು. ಅದೇ ಹಸುಗಳ ಕರುಗಳ ದಿನಾಂಕವನ್ನು ಆಮೇಲೆ ನಾವು ಕಚೇರಿಯಲ್ಲಿ ತುಂಬಿಕೊಂಡೆವು.

ಎಲ್ಲವನ್ನೂ ನನ್ನ ತಂತ್ರಾಂಶಕ್ಕೆ ತುಂಬಿದ ದಿನ, ಪರದೆಯ ಮೇಲೆ ಒಂದು ದಿನಾಂಕವೂ ಕಾಣಲಿಲ್ಲ. ಎಲ್ಲ ಬರೀ ಸಂಖ್ಯೆ. ಐದಂಕಿಯ ಸಂಖ್ಯೆಗಳು ಉದ್ದಕ್ಕೂ ಇರುವೆ ಸಾಲಿನಂತೆ ಇಳಿದಿದ್ದವು.

ಇದಕ್ಕೆ ಕಾರಣ ಸರಳ. ಸ್ಪ್ರೆಡ್‌ಶೀಟಿನ ಹೊಟ್ಟೆಯೊಳಗೆ ದಿನಾಂಕ ಎನ್ನುವುದೇ ಇಲ್ಲ. ಅದು 1900ರ ಜನವರಿ ಒಂದನ್ನು ಒಂದು ಎಂದು ಹಿಡಿದು ದಿನಗಳನ್ನು ಎಣಿಸಿಕೊಂಡು ಬರುತ್ತದೆ. ನಮಗೆ ತೋರಿಸುವಾಗ ಮಾತ್ರ ಆ ಸಂಖ್ಯೆಗೆ ತಿಂಗಳು, ಇಸವಿಗಳ ಅಂಗಿ ತೊಡಿಸುತ್ತದೆ. 2000ದ ಜನವರಿ ಒಂದು ಅದರ ಪಾಲಿಗೆ 36526. ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಹೋಗುವಾಗ ಅಂಗಿ ಕಳಚಿ ಬಿದ್ದು, ಸಂಖ್ಯೆ ಬರಿಮೈಯಲ್ಲಿ ಬಂದಿತ್ತು.

ನಾನು ಜಾಣೆಯಂತೆ, ಈ ಸಂಖ್ಯೆಗಳನ್ನೆಲ್ಲ ದಿನಾಂಕವಾಗಿ ತೋರಿಸು ಎಂದು ತಂತ್ರಾಂಶಕ್ಕೆ ಆಜ್ಞೆ ಕೊಟ್ಟೆ. ತೋರಿಸಿತು. ಮಾಲೂರು ತಾಲ್ಲೂಕಿನ ಟೇಕಲ್ ಕಡೆಯ ಒಂದು ಹಸು 2061ರ ಸಂಕ್ರಾಂತಿಯ ಹೊತ್ತಿಗೆ ಕರು ಹಾಕಿತ್ತು.

ಶ್ರೀನಿವಾಸಪುರದಾಕೆ ನನ್ನ ಹಿಂದೆ ನಿಂತು ನೋಡಿ, "ಅಯ್ಯೋ ದೇವುಡಾ! ಅಷ್ಟೊತ್ತಿಗೆ ನಾವ್ಯಾರೂ ಇರಲ್ಲ ಬಿಡಿ ಮೇಡಂ. ಹಾಲು ಕುಡಿಯೋರು ಯಾರೋ ಏನೋ" ಎಂದರು.

ಪ್ರೊಫೆಸರು ಬಂದು ನೋಡಿದರು. ಹುಬ್ಬು ಗಂಟಿಕ್ಕಿ, ಗಲ್ಲಕ್ಕೆ ಕೈಯಿಟ್ಟು, "ನೋಡಮ್ಮಾ, ಇದು ತಪ್ಪಲ್ಲ. ಸಾಫ್ಟ್‌ವೇರ್ ಮುಂದಿನದ್ದನ್ನ ಊಹಿಸಿದೆ. ಅದಕ್ಕೆ ಆ ಶಕ್ತಿ ಇದೆ" ಎಂದರು.

"ಸಾರ್, ನಾನು ನೋಡಿದ ಕರುಗಳೆಲ್ಲಾ ಸರಿಯಾಗಿ ಅರವತ್ತು ವರ್ಷವೇ ಮುಂದಕ್ಕೆ ಹೋಗಿವೆ."

"ಹಾಗಾದ್ರೆ ಅದರಲ್ಲಿ ಒಂದು ಪ್ಯಾಟರ್ನ್ ಇದೆ" ಎಂದು ತಲೆಯಾಡಿಸಿ ಕಾಫಿಗೆ ಹೋದರು.

ಆ ಪ್ಯಾಟರ್ನ್ ಏನೆಂದು ತಂತ್ರಾಂಶದ ಕೈಪಿಡಿಯಲ್ಲಿ ಹುಡುಕಿದೆ. ಈ ತಂತ್ರಾಂಶವೂ ದಿನಗಳನ್ನೇ ಎಣಿಸುತ್ತದೆ, ಆದರೆ 1960ರ ಜನವರಿ ಒಂದರಿಂದ. ಅದು ಯಾಕೆ 1960 ಎಂದು ಕೈಪಿಡಿ ಹೇಳಿರಲಿಲ್ಲ. ನಮ್ಮ ಮನೆಯಲ್ಲಿ ತೆಂಗಿನಕಾಯಿ ಯಾಕೆ ಒಡೆಯುತ್ತಾರೆ ಎಂದು ಯಾರೂ ಹೇಳುವುದಿಲ್ಲವಲ್ಲ, ಹಾಗೆ. ಒಂದರ ಎಣಿಕೆಯನ್ನು ಇನ್ನೊಂದು ತನ್ನ ಎಣಿಕೆಯೆಂದು ತಿಳಿದದ್ದರಿಂದ ನಮ್ಮ ಹಸುಗಳೆಲ್ಲ ಅರವತ್ತು ವರ್ಷ ಮುಂದೆ ಹಾರಿದ್ದವು. ಪ್ರತಿ ಸಂಖ್ಯೆಯಿಂದ 21916 ಕಳೆದರೆ ಮುಗಿಯಿತು. ಕಳೆದೆ. ಹಸುಗಳು ಗುಂಪಾಗಿ ನಮ್ಮ ಕಾಲಕ್ಕೆ ವಾಪಸ್ಸು ಬಂದವು.

ಆ ವಾರ ಊರಿಗೆ ಹೋದಾಗ ಚಿಕ್ಕಪ್ಪನಿಗೆ ಇದನ್ನು ಹೇಳಿದೆ. ಅವರಿಗೆ ಯಂತ್ರದ ಮೇಲೆ ಗೌರವ ಹುಟ್ಟಿತು. "ಅದು ತಪ್ಪು ಮಾಡಿಲ್ಲ ಕಣೇ. ಪ್ರಭವದಿಂದ ಅಕ್ಷಯದವರೆಗೆ ಅರವತ್ತು ಸಂವತ್ಸರ. ಅರವತ್ತು ವರ್ಷ ಆದ್ಮೇಲೆ ಅದೇ ಸಂವತ್ಸರ ತಿರುಗಿ ಬರುತ್ತೆ. ನೀನು ಸುಮ್ನೆ ಅದನ್ನ ಕೆಡಿಸಿದ್ದೀಯ" ಎಂದು ನನ್ನನ್ನೇ ಬೈದರು. ಪ್ರೊಫೆಸರು ಮತ್ತು ಚಿಕ್ಕಪ್ಪ ಜೀವನದಲ್ಲಿ ಒಮ್ಮೆಯೂ ಭೇಟಿಯಾಗಲಿಲ್ಲ. ಆಗಿದ್ದರೆ ಇಬ್ಬರೂ ಸೇರಿ ಒಂದು ವಿಶ್ವವಿದ್ಯಾಲಯವನ್ನೇ ಕಟ್ಟುತ್ತಿದ್ದರೇನೋ.

ದಿನಾಂಕ ಸರಿಯಾಯಿತು ಎಂದು ಕೋಷ್ಟಕ ಹಾಕಿದೆ. ಕೋಲಾರದ ಹಸುಗಳು, ಮಾಲೂರಿನ ಹಸುಗಳು, ಶ್ರೀನಿವಾಸಪುರದ ಹಸುಗಳು ಸೂಜಿ ಹಾಕಿಸಿಕೊಂಡು ಒಂಬತ್ತು ತಿಂಗಳು ಚಿಲ್ಲರೆಗೆ, ಒಂದೆರಡು ಸಲ ಸೂಜಿ ತಪ್ಪಿದವು ಇನ್ನೂ ಸ್ವಲ್ಪ ತಡವಾಗಿ, ಮರ್ಯಾದೆಯಿಂದ ಕರು ಹಾಕಿದ್ದವು. ಮುಳಬಾಗಿಲಿನ ಹಸುಗಳು ಮಾತ್ರ ನಾಲ್ಕು ವರ್ಷ ಒಂಬತ್ತು ತಿಂಗಳು ತೆಗೆದುಕೊಂಡಿದ್ದವು. ಒಂದಲ್ಲ ಎರಡಲ್ಲ, ತಾಲ್ಲೂಕಿಗೆ ತಾಲ್ಲೂಕೇ.

ನನಗೆ ಮೈ ಉರಿಯಿತು. ನಮ್ಮೂರ ಹಸುಗಳೇ! ನಮ್ಮ ಬೀದಿಯ ಕೊನೆಯ ಮನೆಯ ಹಸು ವರ್ಷವರ್ಷವೂ ಕರು ಹಾಕುವುದನ್ನು ನೋಡಿ, ಗಿಣ್ಣು ತಿಂದು ಬೆಳೆದವಳು ನಾನು. ಕೋಷ್ಟಕವನ್ನು ಪ್ರೊಫೆಸರ ಮೇಜಿನ ಮೇಲಿಟ್ಟು, "ಸಾರ್, ಇದರಲ್ಲಿ ಎಲ್ಲೋ ತಪ್ಪಿದೆ. ನಾಲ್ಕು ಮುಕ್ಕಾಲು ವರ್ಷ ಹೇಗೆ ಸಾಧ್ಯ?" ಎಂದೆ.

ಅವರು ಕೋಷ್ಟಕವನ್ನು ನೋಡಿದರು. ನೋಡುತ್ತ ನೋಡುತ್ತ ಮುಖ ಅರಳಿತು. ಅಂಥ ಅರಳಿದ ಮುಖವನ್ನು ನಾನು ಮದುವೆ ಗೊತ್ತಾದ ಮನೆಗಳಲ್ಲಷ್ಟೇ ನೋಡಿದ್ದೆ.

"ಹೇಗೆ ಸಾಧ್ಯ ಅಂತ ಕೇಳೋದು ನನ್ನ ಕೆಲಸ. ಎಣಿಸೋದು ನಿನ್ನ ಕೆಲಸ."

"ಎಣಿಕೇಲೇ ತಪ್ಪಿರಬೇಕು ಸಾರ್."

"ಮುಳಬಾಗಿಲು ನಾನೇ ತುಂಬಿದ್ದಮ್ಮಾ." ಅಲ್ಲಿಗೆ ಮಾತು ಮುಗಿಯಿತು. ಮುಂದಿನ ಹದಿನೈದು ದಿನದಲ್ಲಿ ಕಾರಣವೂ ಸಿದ್ಧವಾಯಿತು. ಮುಳಬಾಗಿಲಿನ ಮಣ್ಣಿನಲ್ಲಿ ಯಾವುದೋ ಲವಣ ಕಡಿಮೆ, ಮೇವಿನಲ್ಲಿ ಅದು ಇಳಿಯುವುದಿಲ್ಲ, ಹಾಗಾಗಿ ಅಲ್ಲಿಯ ಅನಿಮಲ್‌ಗಳು ಸೂಜಿಯ ಮೇಲೆ ಸೂಜಿ ಹಾಕಿಸಿಕೊಂಡರೂ ನಾಲ್ಕು ವರ್ಷ ಗಬ್ಬವಾಗುವುದಿಲ್ಲ. ಆ ಲವಣ ತಾಲ್ಲೂಕಿನ ಗಡಿಗಲ್ಲು ನೋಡಿಕೊಂಡು ಹೇಗೆ ಕಡಿಮೆಯಾಗುತ್ತದೆ ಎಂದು ಯಾರೂ ಕೇಳಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಗಾದೆ ನಮ್ಮಲ್ಲಿ ಸುಮ್ಮನೆ ಹುಟ್ಟಿಲ್ಲ. ಪ್ರಬಂಧ ಬರೆದು ಕಳಿಸಿದರು. ಅದು ಅಚ್ಚಿಗೂ ಒಪ್ಪಿಗೆಯಾಯಿತು. ಹಸುಗಳಿಗೆ ತಿನ್ನಿಸಲು ಲವಣದ ಪುಡಿಯನ್ನು ಮೂಟೆಗಟ್ಟಲೆ ತರಿಸಿದರು.

ಪುಡಿ ಹಂಚುವ ಸಭೆ ಮುಳಬಾಗಿಲು ತಾಲ್ಲೂಕಿನ ತಾಯಲೂರಿನಲ್ಲಿ. ಶಾಲೆಯ ಮುಂದೆ ಶಾಮಿಯಾನ ಹಾಕಿ, ಮೈಕು ಕಟ್ಟಿದ್ದರು. ಸುತ್ತಲಿನ ಹಳ್ಳಿಗಳಿಂದ ಹಸು ಸಾಕಿದವರು ಬಂದು ಕೂತಿದ್ದರು. ಪ್ರೊಫೆಸರು ಅಂದು ಕನ್ನಡದಲ್ಲೇ ಮಾತಾಡಿದರು, ಅದೂ ಕಷ್ಟಪಟ್ಟು. "ನಿಮ್ಮ ಹಸುಗಳು ಕರು ಹಾಕಲು ನಾಲ್ಕು ವರ್ಷ ಒಂಬತ್ತು ತಿಂಗಳು ತೆಗೆದುಕೊಳ್ಳುತ್ತಿವೆ. ಇದು ನಿಮಗೆ ಗೊತ್ತೇ?" ಎಂದು ಕೇಳಿದರು.

ಈಗ ಎಲ್ಲರೂ ಗೊಳ್ಳೆಂದು ನಗುತ್ತಾರೆ, ನನ್ನ ಎದೆಯ ಭಾರ ಇಳಿಯುತ್ತದೆ ಎಂದು ನಾನು ಕಾದೆ. ಬಂದವರ ಕಣ್ಣುಗಳೆಲ್ಲ ವೇದಿಕೆಯ ಪಕ್ಕಕ್ಕೆ ಹೋದವು. ಅಲ್ಲಿ ಪುಡಿಯ ಮೂಟೆಗಳನ್ನು ಆಳೆತ್ತರ ಪೇರಿಸಿದ್ದರು.

ಮುಂದಿನ ಸಾಲಿನಲ್ಲಿದ್ದ ಒಬ್ಬ ಹಿರಿಯ ರೈತ ಎದ್ದು ಕೈಮುಗಿದ. "ನಿಜಮೇ ಸಾರ್. ನಾಲ್ಕು ವರ್ಷ ಅಂದ್ರಿ, ನಮ್ದೊಂದು ಐದಕ್ಕೂ ಬಂದೈತೆ."

ಹಿಂದಿನಿಂದ ಒಬ್ಬ ಹೆಂಗಸು ಕೂಗಿ ಹೇಳಿದಳು: "ನಮ್ಮನೇದು ಆರು ವರ್ಷ ಆಯ್ತು ಸಾರ್! ನನಗೆ ಎರಡು ಮೂಟೆ ಬರ್ಕೊಳ್ಳಿ."

ನಾಲ್ಕು ವರ್ಷ ಕರು ಹಾಕದ ಹಸುವನ್ನು ಮೇವು ಹಾಕಿ ಕಟ್ಟಿಕೊಂಡು ಕೂರುವವರು ಇಡೀ ಜಿಲ್ಲೆಯಲ್ಲಿ ಒಬ್ಬರೂ ಇರಲಿಲ್ಲ. ಆದರೆ ಅಂದು ತಾಯಲೂರಿನಲ್ಲಿ ಅಂಥವರೇ ಶಾಮಿಯಾನದ ತುಂಬ. ಪ್ರೊಫೆಸರು ನನ್ನ ಕಡೆ ತಿರುಗಿ, ನೋಡಿದೆಯಾ ಎನ್ನುವಂತೆ ಕಣ್ಣಲ್ಲೇ ಕೇಳಿದರು. ಬಿಟ್ಟಿ ಸಿಕ್ಕಿದ್ದನ್ನು ಹೊತ್ತುಕೊಂಡು ಹೋದ ಜನರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವರು ಆ ಸಭೆಯಲ್ಲಿದ್ದ ಏಕೈಕ ಬುದ್ಧಿವಂತರು.

ಸುದ್ದಿ ಹಬ್ಬಿತು. ಮರುವಾರವೇ ಕೋಲಾರ ತಾಲ್ಲೂಕಿನ ಕ್ಯಾಲನೂರಿನ ಕಡೆಯಿಂದ ನಾಲ್ಕೈದು ಮಂದಿ ಕಚೇರಿಗೆ ಬಂದು ಜಗಳಕ್ಕೆ ನಿಂತರು. ಅವರ ಮುಂದಾಳು ಬಾಗಿಲಲ್ಲೇ ಶುರುಮಾಡಿದ: "ಮುಳಬಾಗಿಲು ಹಸುಗೆ ಪುಡಿ ಕೊಡ್ತೀರಿ, ನಮ್ಮ ಹಸು ಏನ್ ಪಾಪ ಮಾಡೈತೆ?"

"ನಿಮ್ಮ ಹಸುಗಳು ಚೆನ್ನಾಗಿವೆಯಂತಲ್ಲ" ಎಂದೆ.

"ಯಾರು ಹೇಳಿದ್ದು ಚೆನ್ನಾಗೈತೆ ಅಂತ? ಯಾರನ್ನ ಕೇಳಿ ಬರ್ಕೊಂಡ್ರಿ? ಈಗ ಬರ್ಕೊಳಿ, ನಮ್ದೂ ಕೆಟ್ಟೋಗೈತೆ."

ಶ್ರೀನಿವಾಸಪುರದಾಕೆ ಗಂಭೀರವಾಗಿ, "ಎಷ್ಟು ವರ್ಷ ಅಂತ ಬರ್ಕೊಳ್ಲಿ ಅಣ್ಣಾ?" ಎಂದು ಕೇಳಿದರು. ಅವರು ತಮ್ಮತಮ್ಮಲ್ಲೇ ಚರ್ಚೆ ಮಾಡಿ, "ಅವರಿಗಿಂತ ಆರು ತಿಂಗಳು ಜಾಸ್ತಿ ಹಾಕಿ" ಎಂದರು.

ಇಷ್ಟಾದರೂ ತಪ್ಪು ಎಲ್ಲಿದೆ ಎಂದು ನನಗೆ ಸಿಕ್ಕಿರಲಿಲ್ಲ. ಸಿಕ್ಕಿದ್ದು ನಮ್ಮ ಮನೆಯ ಜಗಳದಲ್ಲಿ. ತಾತನ ತಿಥಿ ಬಂದಿತ್ತು. ಚಿಕ್ಕಪ್ಪನ ಪಂಚಾಂಗದ ಪ್ರಕಾರ ಅದು ಬುಧವಾರ. ಖಜಾನೆಯಲ್ಲಿ ಲೆಕ್ಕಿಗರಾಗಿ ನಿವೃತ್ತರಾಗಿದ್ದ ದೊಡ್ಡಪ್ಪ ಬೇರೊಂದು ಪಂಚಾಂಗ ಇಟ್ಟುಕೊಂಡಿದ್ದರು, ಅದರಲ್ಲಿ ಗುರುವಾರ. ಇಬ್ಬರೂ ನಡುಮನೆಯಲ್ಲಿ ಪಂಚಾಂಗ ಬಿಚ್ಚಿಕೊಂಡು ಕೂತು, ಧ್ವನಿ ಏರಿಸಿ, ಒಬ್ಬರ ಪುಟದ ಮೇಲೆ ಇನ್ನೊಬ್ಬರು ಬೆರಳು ಕುಟ್ಟಿದರು.

"ಅಣ್ಣಾ, ನಿನ್ನ ಪಂಚಾಂಗ ಮಾಡಿದೋನಿಗೆ ಲೆಕ್ಕ ಬರಲ್ಲ."

"ನಾನು ಮೂವತ್ತು ವರ್ಷ ಲೆಕ್ಕ ಮಾಡಿದೋನು ಕಣೋ. ನನಗೆ ಹೇಳಿಕೊಡಬೇಡ."

ಕೊನೆಗೆ ಅಮ್ಮ ಒಳಗಿನಿಂದ ಬಂದು, "ಎರಡು ದಿನಾನೂ ಮಾಡಿ, ಮಾವನವರು ಎರಡು ಸಲ ಊಟ ಮಾಡಿ ಹೋಗ್ಲಿ. ಆದ್ರೆ ಎರಡನೇ ದಿನದ ಅಡಿಗೆ ನೀವಿಬ್ರೇ ಮಾಡ್ಕೊಳ್ಳಿ" ಎಂದು ಹೇಳಿ ಹೋದರು. ಚಿಕ್ಕಪ್ಪ ತಣ್ಣಗಾದರು. ನನ್ನ ಕಡೆ ತಿರುಗಿ ಸಮಾಧಾನದ ದನಿಯಲ್ಲಿ, "ಏನಿಲ್ಲ ಕಣೇ, ಎಣಿಕೆ ಇಬ್ಬರದೂ ಸರಿಯೇ. ಎಲ್ಲಿಂದ ಎಣಿಸೋಕೆ ಶುರುಮಾಡಿದ್ರು ಅನ್ನೋದ್ರಲ್ಲೇ ಜಗಳ" ಎಂದರು.

ಎರಡು ಪಂಚಾಂಗಗಳ ವ್ಯತ್ಯಾಸಕ್ಕೆ ಕಾರಣ ಅದಲ್ಲವೇ ಅಲ್ಲ ಎಂದು ಬಲ್ಲವರೊಬ್ಬರು ಬಹಳ ವರ್ಷದ ಮೇಲೆ ನನಗೆ ಹೇಳಿದರು. ಚಿಕ್ಕಪ್ಪ ಹೇಳಿದ್ದು ಪೂರಾ ತಪ್ಪಂತೆ. ಆದರೆ ಆ ತಪ್ಪು ಮಾತು ಕಿವಿಗೆ ಬಿದ್ದ ಕೂಡಲೇ ನನಗೆ ಮಡಚುವ ಕಂಪ್ಯೂಟರು ನೆನಪಾಯಿತು. ಅದರ ಕುಲ ಬೇರೆ. ಅದು ಎಲ್ಲಿಂದ ಎಣಿಸುತ್ತದೆ?

ಮುಂದಿನ ಸೋಮವಾರ ಕಚೇರಿಗೆ ಹೋದವಳೇ ಪ್ರೊಫೆಸರು ಬರುವುದನ್ನು ಕಾದೆ. ಅವರು ಯಾರದೋ ಜೊತೆ ಊಟಕ್ಕೆ ಹೊರಟಾಗ, "ಸಾರ್, ನಿಮ್ಮ ಕಂಪ್ಯೂಟರಿನಲ್ಲಿ ಒಂದು ಚಿಕ್ಕ ಲೆಕ್ಕ ನೋಡಬೇಕು" ಎಂದೆ. ಪ್ರಬಂಧದ ಖುಷಿಯಲ್ಲಿದ್ದರಲ್ಲ, "ಕೀಲಿ ಜೋರಾಗಿ ಒತ್ತಬೇಡ" ಎಂದಷ್ಟೇ ಹೇಳಿ ಹೋದರು. ಅದರ ಸ್ಪ್ರೆಡ್‌ಶೀಟು ತೆರೆದೆ. ಒಂದು ಖಾಲಿ ಚೌಕದಲ್ಲಿ 1 ಎಂದು ಒತ್ತಿ, ಇದನ್ನು ದಿನಾಂಕವಾಗಿ ತೋರಿಸು ಎಂದೆ. ನಮ್ಮ ಕಚೇರಿಯ ಯಂತ್ರವಾಗಿದ್ದರೆ 1900ರ ಜನವರಿ ಒಂದು ಎನ್ನಬೇಕಿತ್ತು. ಇದು 1904ರ ಜನವರಿ ಎರಡು ಎಂದಿತು.

ಅಲ್ಲಿಗೆ ಎಲ್ಲ ತಿಳಿಯಿತು. ಪ್ರೊಫೆಸರ ಯಂತ್ರ ನಾಲ್ಕು ವರ್ಷ ತಡವಾಗಿ ಎಣಿಕೆ ಆರಂಭಿಸಿತ್ತು. ಹಾಗಾಗಿ ಒಂದೇ ದಿನಕ್ಕೆ ಅದರ ಸಂಖ್ಯೆ ನಮ್ಮದಕ್ಕಿಂತ ಅಷ್ಟು ಚಿಕ್ಕದು. ಆ ಸಂಖ್ಯೆಗಳನ್ನು ನಾನು ನಮ್ಮ ಯಂತ್ರದ ಸಂಖ್ಯೆಗಳೆಂದೇ ತಿಳಿದು ದಿನಾಂಕ ಮಾಡಿದ್ದೆ. ಮುಳಬಾಗಿಲಿನ ಸೂಜಿಗಳೆಲ್ಲ ನಾಲ್ಕು ವರ್ಷ ಹಿಂದಕ್ಕೆ ಹೋಗಿದ್ದವು. ಕರುಗಳು ನಮ್ಮ ಯಂತ್ರದಲ್ಲಿ ಹುಟ್ಟಿದ್ದರಿಂದ ತಮ್ಮ ಜಾಗದಲ್ಲೇ ಇದ್ದವು. ನಡುವಿನ ನಾಲ್ಕು ವರ್ಷವೇ ಆ ಮಣ್ಣಿನ ಲವಣದ ಕೊರತೆ.

ಖಚಿತಪಡಿಸಿಕೊಳ್ಳಲು ಎರಡೂ ಯಂತ್ರಗಳಲ್ಲಿ ಅಂದಿನ ದಿನಾಂಕವನ್ನೇ ಕೊಟ್ಟು, ಸಂಖ್ಯೆ ಕೇಳಿದೆ. ವ್ಯತ್ಯಾಸ 1462. ನಾನು ಕೈಯಲ್ಲಿ ಲೆಕ್ಕ ಹಾಕಿದರೆ ಒಂದು ದಿನ ಕಡಿಮೆ ಬರುತ್ತಿತ್ತು. ಅದೂ ಆಮೇಲೆ ತಿಳಿಯಿತು. 1900ರಲ್ಲಿ ಫೆಬ್ರವರಿಗೆ ಇಪ್ಪತ್ತೆಂಟೇ ದಿನ, ಆದರೆ ನಮ್ಮ ಸ್ಪ್ರೆಡ್‌ಶೀಟು ಇಪ್ಪತ್ತೊಂಬತ್ತು ಎಂದು ನಂಬಿಕೊಂಡಿದೆ. ಹುಟ್ಟದ ದಿನವೊಂದನ್ನು ಅದು ಇಂದಿಗೂ ಎಣಿಸುತ್ತಿದೆ. ಪ್ರಪಂಚದ ಕಚೇರಿಗಳೆಲ್ಲ ಇದರ ಮೇಲೆ ನಡೆಯುತ್ತಿವೆ ಎಂದು ನೆನೆದಾಗ, ಪ್ರೊಫೆಸರೊಬ್ಬರನ್ನೇ ಬೈಯುವುದು ಅನ್ಯಾಯವೆಂದೂ ಅನಿಸಿತು. ಆ ಅನಿಸಿಕೆ ಹೆಚ್ಚು ಹೊತ್ತು ಉಳಿಯಲಿಲ್ಲ.

ಅವರು ಊಟ ಮುಗಿಸಿ ಬಂದಾಗ ಎರಡೂ ಪರದೆಗಳನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸಿದೆ. ಮುಳಬಾಗಿಲಿನ ಸೂಜಿಗಳಿಗೆ 1462 ಸೇರಿಸಿ ಮಾಡಿದ ಹೊಸ ಕೋಷ್ಟಕವನ್ನೂ ಕೊಟ್ಟೆ. ಅದರಲ್ಲಿ ಮುಳಬಾಗಿಲಿನ ಹಸುಗಳು ಉಳಿದ ಮೂರು ತಾಲ್ಲೂಕಿನ ಹಸುಗಳಂತೆಯೇ ಒಂಬತ್ತು ತಿಂಗಳು ಚಿಲ್ಲರೆಗೆ ಕರು ಹಾಕಿದ್ದವು.

ಪ್ರೊಫೆಸರು ಎರಡೂ ಪರದೆಗಳನ್ನು ನೋಡಿದರು. ಕನ್ನಡಕ ತೆಗೆದು ಒರೆಸಿದರು. ಆ ಕ್ಷಣದಲ್ಲಿ ನನಗೆ ಅವರ ಮೇಲೆ ನಿಜವಾಗಿಯೂ ಕನಿಕರ ಹುಟ್ಟಿತು.

"ಇದನ್ನ ಇನ್ಯಾರಿಗೆ ಹೇಳಿದ್ದೀಯಮ್ಮಾ?"

"ಯಾರಿಗೂ ಇಲ್ಲ ಸಾರ್."

"ಒಳ್ಳೇದು. ಪ್ರಬಂಧ ಆಗಲೇ ಅಚ್ಚಿಗೆ ಹೋಗಿದೆ. ಅಚ್ಚಾಗಿದ್ದನ್ನ ಹಿಂದಕ್ಕೆ ತಗೊಂಡ್ರೆ ಸಂಸ್ಥೆಯ ಮರ್ಯಾದೆ ಏನಾಗತ್ತೆ? ಎರಡನೇ ಹಂತದಲ್ಲಿ ಸರಿ ಮಾಡೋಣ. ಇನ್ನು ಮೇಲೆ ಎಲ್ಲಾ ಡೇಟಾ ಕಚೇರಿ ಕಂಪ್ಯೂಟರಲ್ಲೇ ತುಂಬಲಿ. ನೀನು ಕಂಡುಹಿಡಿದಿದ್ದು ಬಹಳ ಒಳ್ಳೇ ಕೆಲಸ."

ಹೊಗಳಿಕೆಗೆ ನಾನು ಕರಗಿದೆ. ಎರಡನೆಯ ಹಂತ ಎಂದರೆ ತಪ್ಪೊಪ್ಪಿಗೆ ಎಂದು ನಂಬಿ, ಒಂದು ವರ್ಷ ಶ್ರದ್ಧೆಯಿಂದ ಕೆಲಸ ಮಾಡಿದೆ. ಹೊಸದಾಗಿ ಸೂಜಿ ಹಾಕಿಸಿಕೊಂಡ ಹಸುಗಳು, ಅವುಗಳ ಕರುಗಳು, ಎಲ್ಲ ಒಂದೇ ಯಂತ್ರದಲ್ಲಿ, ಒಂದೇ ಎಣಿಕೆಯಲ್ಲಿ ತುಂಬಿದೆವು. ಎಲ್ಲ ಸರಿಯಾಗಿ ಬಂತು. ಸರಿಯಾಗಿ ಬರದೆ ಏನು ಮಾಡುತ್ತದೆ?

ವರ್ಷದ ಕೊನೆಗೆ ಕೋಲಾರದಲ್ಲಿ ದೊಡ್ಡ ಸಮಾರಂಭ ಏರ್ಪಾಡಾಯಿತು. ಬೆಂಗಳೂರಿನಿಂದ ಅಧಿಕಾರಿಗಳು, ಬೇರೆ ಕಾಲೇಜುಗಳ ಪ್ರಾಧ್ಯಾಪಕರು, ಪತ್ರಿಕೆಯವರು ಬಂದಿದ್ದರು. ತಾಯಲೂರಿನ ರೈತರನ್ನು ವ್ಯಾನಿನಲ್ಲಿ ಕರೆತಂದು ಹಿಂದಿನ ಸಾಲುಗಳಲ್ಲಿ ಕೂರಿಸಿದ್ದರು. ನಾನು ಶ್ರೀನಿವಾಸಪುರದಾಕೆಯ ಪಕ್ಕ ಕೂತಿದ್ದೆ. ದೀಪ ಆರಿಸಿ, ಗೋಡೆಯ ಮೇಲೆ ಚಿತ್ರ ಬಿಟ್ಟರು. ಅದರಲ್ಲಿ ಎರಡು ಕಂಬ. ಎಡಗಡೆಯ ಕಂಬ ಆಳೆತ್ತರ, ಅದರ ಕೆಳಗೆ 'ಪುಡಿಗೆ ಮೊದಲು'. ಬಲಗಡೆಯ ಕಂಬ ಮೊಣಕಾಲಿನಷ್ಟು, ಅದರ ಕೆಳಗೆ 'ಪುಡಿಯ ನಂತರ'.

"ಮುಳಬಾಗಿಲಿನ ಅನಿಮಲ್‌ಗಳು ನಾಲ್ಕು ವರ್ಷ ಒಂಬತ್ತು ತಿಂಗಳು ತಗೊಳ್ತಾ ಇದ್ದವು" ಎಂದರು ಪ್ರೊಫೆಸರು. "ನಮ್ಮ ಲವಣ ಮಿಶ್ರಣ ಕೊಟ್ಟ ಒಂದೇ ವರ್ಷದಲ್ಲಿ ಒಂಬತ್ತೂವರೆ ತಿಂಗಳಿಗೆ ಇಳಿದಿದೆ."

ಚಪ್ಪಾಳೆ. ಪಕ್ಕದಲ್ಲಿದ್ದಾಕೆ ಸೆರಗನ್ನು ಬಾಯಿಗೆ ಒತ್ತಿಕೊಂಡು, ನಗು ತಡೆಯಲಾರದೆ ಕೆಮ್ಮತೊಡಗಿದರು. ವೇದಿಕೆಯಿಂದ ಅಧಿಕಾರಿಯೊಬ್ಬರು ರೈತರನ್ನು ಕೇಳಿದರು, "ಹೌದೇನ್ರಪ್ಪ? ಪುಡಿಯಿಂದ ಗುಣ ಕಂಡಿದೆಯಾ?"

ಹೋದ ವರ್ಷ ಐದು ವರ್ಷದ ಹಸು ಸಾಕಿದ್ದ ಅದೇ ಹಿರಿಯ ರೈತ ಎದ್ದ. "ಬೋ ಗುಣ ಸಾರ್. ಪುಡಿ ಮುಟ್ಟಿದ ಕೂಡ್ಲೇ ಗಬ್ಬ ನಿಲ್ತದೆ. ಇನ್ನೊಂದು ವರ್ಷ ಕೊಟ್ರೆ ನಮ್ಮ ಕಡೆ ಎತ್ತೂ ಕರು ಹಾಕ್ತದೆ."

ಸಭೆ ನಕ್ಕಿತು. ಪ್ರೊಫೆಸರೂ ನಕ್ಕರು. ಪ್ರಶ್ನೆಗಳೇನಾದರೂ ಇದ್ದರೆ ಕೇಳಬಹುದು ಎಂದಾಗ ನಾನು ಎದ್ದು ನಿಂತೆ.

"ಸಾರ್, ಮೊದಲ ಕಂಬದ ದಿನಾಂಕಗಳು ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಹೋಗುವಾಗ ನಾಲ್ಕು ವರ್ಷ ಜಾರಿದ್ದವು. ಅದನ್ನ ಸರಿಪಡಿಸಿದ ಕೋಷ್ಟಕ ನಿಮಗೆ ಹೋದ ವರ್ಷವೇ ಕೊಟ್ಟಿದ್ದೆ. ಅದರ ಪ್ರಕಾರ ಪುಡಿಗೆ ಮೊದಲೂ ಒಂಬತ್ತೂವರೆ ತಿಂಗಳೇ ಅಲ್ವಾ?"

ಅಷ್ಟು ಜನರ ನಡುವೆ ಒಬ್ಬರಾದರೂ ತಲೆಯೆತ್ತುತ್ತಾರೆ ಎಂದುಕೊಂಡಿದ್ದೆ. ಎತ್ತಿದರು, ಆದರೆ ಗಡಿಯಾರ ನೋಡಲು. ಪ್ರೊಫೆಸರು ಮಗಳ ಕಡೆ ನಗುವ ತಂದೆಯಂತೆ ನಕ್ಕು, "ಇವರು ನಮ್ಮ ಕಚೇರಿಯಲ್ಲಿ ಕಂಪ್ಯೂಟರ್ ನೋಡ್ಕೊಳ್ಳೋ ಹುಡುಗಿ. ತಾಂತ್ರಿಕ ವಿಷಯ ಕೇಳ್ತಿದ್ದಾರೆ, ಬಹಳ ಒಳ್ಳೆಯ ಪ್ರಶ್ನೆ. ಊಟದ ಮೇಲೆ ವಿವರವಾಗಿ ಮಾತಾಡೋಣ" ಎಂದರು. ಊಟಕ್ಕೆ ಬಿಸಿಬೇಳೆಭಾತು, ಜಾಮೂನು. ಊಟದ ಮೇಲೆ ಅವರ ಕಾರು ಬೆಂಗಳೂರಿಗೆ ಹೊರಟಿತ್ತು.

ಊಟದ ಸಾಲಿನಲ್ಲಿ ಒಬ್ಬ ಪ್ರಾಧ್ಯಾಪಕರು ನನ್ನ ಬಳಿ ಬಂದು, ಆಚೀಚೆ ನೋಡಿ, "ನೀವು ಕೇಳಿದ್ದು ಸರಿ ಇದೆ ಅನ್ಸುತ್ತೆ. ಆದ್ರೆ ಅಂಥದ್ದನ್ನ ಸಭೇಲಿ ಕೇಳಬಾರದು, ಸಂಪ್ರದಾಯ ಅಲ್ಲ" ಎಂದು ತಗ್ಗಿದ ದನಿಯಲ್ಲಿ ಹೇಳಿ, ಜಾಮೂನಿನ ಕಡೆ ನಡೆದರು. ನನಗೆ ಅಳು ಬರಬೇಕಿತ್ತು, ನಗು ಬಂತು. ಅಂದು ಸಂಜೆಯೇ ಕೆಲಸ ಬಿಡುತ್ತೇನೆಂದು ಬರೆದುಕೊಟ್ಟೆ.

ಶ್ರೀನಿವಾಸಪುರದಾಕೆ ಬಸ್‌ಸ್ಟ್ಯಾಂಡಿನವರೆಗೂ ಜೊತೆಗೆ ಬಂದರು. "ಯಾಕ್ ಮೇಡಂ ಬಿಡ್ತೀರಾ? ಹಸುಗಳಿಗೇನಾದ್ರೂ ಕೆಟ್ಟದಾಯ್ತಾ? ಪುಡಿ ತಿಂದು ಚೆನ್ನಾಗೇ ಇದಾವಲ್ಲ" ಎಂದರು.

"ಹಸುಗಳಿಗೆ ಏನೂ ಆಗಿಲ್ಲ. ನನಗೆ ಆಗ್ತಿದೆ" ಎಂದೆ.

"ಸರಿ ಬಿಡಿ. ನಾನು ಇರ್ತೀನಿ. ನನಗೆ ಮಕ್ಕಳು ಮರಿ ಇದಾವೆ" ಎಂದು ನನ್ನ ಬಸ್ಸಿಗೆ ಕೈಬೀಸಿ, ತಮ್ಮ ಬಸ್ಸಿನ ಕಡೆ ಓಡಿದರು. ನನಗೆ ಅವರ ಮೇಲೆ ಬೇಸರವಾಗಲಿಲ್ಲ.

ನಾನು ಮಾಲೂರಿನ ಒಂದು ಕಾಲೇಜಿನಲ್ಲಿ ಪಾಠ ಹೇಳತೊಡಗಿದೆ. ಪ್ರಬಂಧ ಅಚ್ಚಾದ ಪತ್ರಿಕೆಯ ಸಂಪಾದಕರಿಗೆ ನಡೆದದ್ದನ್ನೆಲ್ಲ ಬರೆದು ಕಳಿಸಿದೆ. ತಮ್ಮ ಆಸಕ್ತಿಗೆ ವಂದನೆಗಳು ಎಂದು ಒಂದು ಸಾಲಿನ ಉತ್ತರ ಬಂತು. ಪ್ರೊಫೆಸರು ಯಾವುದೋ ಪದಕ ತೆಗೆದುಕೊಳ್ಳುವ ಫೋಟೋ ಪೇಪರಿನಲ್ಲಿ ನೋಡಿದೆ. ಚಿಕ್ಕಪ್ಪ ಆ ಫೋಟೋ ನೋಡಿ, "ಮುಖದಲ್ಲಿ ಕಳೆ ಇದೆ, ಗುರುಬಲ ಚೆನ್ನಾಗಿರಬೇಕು" ಎಂದರು.

ಕೆಲವು ವರ್ಷಗಳ ಮೇಲೆ ಉತ್ತರದ ಯಾವುದೋ ರಾಜ್ಯದಿಂದ ಒಬ್ಬ ಸಂಶೋಧನಾ ವಿದ್ಯಾರ್ಥಿ ನನಗೆ ಇಮೇಲ್ ಮಾಡಿದ. ಎರಡನೆಯ ಹಂತದ ಪ್ರಬಂಧದ ಕೊನೆಯಲ್ಲಿ, ಟೈಪಿಂಗಿಗೆ ನೆರವಾದವರು ಎಂದು ನನ್ನ ಹೆಸರು ಹಾಕಿದ್ದರಂತೆ. ನಾಲ್ಕು ವರ್ಷದ ಬಂಜೆತನವನ್ನು ಒಂದೇ ವರ್ಷದಲ್ಲಿ ವಾಸಿ ಮಾಡಿದ ಆ ಪುಡಿಯಲ್ಲಿ ಏನೇನಿತ್ತು, ತಮ್ಮ ಕಡೆಯ ಎಮ್ಮೆಗಳಿಗೂ ಆಗುತ್ತದೆಯೇ ಎಂದು ವಿನಯದಿಂದ ಕೇಳಿದ್ದ. ಆತನಿಗೆ ಒಂದು ಭಾನುವಾರ ಪೂರ್ತಿ ಕೂತು ಉತ್ತರ ಬರೆದೆ. 1900, 1904, 1960, ಯಾವುದು ಎಲ್ಲಿಂದ ಎಣಿಸುತ್ತದೆ, ಯಾವುದರಿಂದ ಎಷ್ಟು ಕಳೆಯಬೇಕು, ಯಾವುದಕ್ಕೆ ಎಷ್ಟು ಸೇರಿಸಬೇಕು, ಸೇರಿಸಿದ ಮೇಲೆ ಎರಡು ಗೊತ್ತಿರುವ ದಿನಾಂಕ ಕೊಟ್ಟು ಹೇಗೆ ಪರೀಕ್ಷಿಸಬೇಕು, ಎಲ್ಲವನ್ನೂ.

ಹತ್ತು ದಿನದಲ್ಲಿ ಉತ್ತರ ಬಂತು. ಬಹಳ ಉಪಕಾರವಾಯಿತು, ಎಲ್ಲ ಅರ್ಥವಾಯಿತು ಎಂದು ಬರೆದಿದ್ದ. ಆದರೆ ಅವನ ಮಾರ್ಗದರ್ಶಕರು ಪುಡಿಯನ್ನು ಆಗಲೇ ತರಿಸಿ ಆಗಿತ್ತಂತೆ.